ಅಂಚಿನ ಬರಹವನ್ನು ಮೊದಲು ಓದಿ

ಹಳೆಯ ಜನನ ಮರಣ ಪುಸ್ತಕದ ನಕಲನ್ನೋ ಕೈಬರಹದ ಉತಾರವನ್ನೋ ಕೈಗೆ ತೆಗೆದುಕೊಂಡವರ ಕಣ್ಣು ನೇರವಾಗಿ ಹೋಗುವುದು ಹೆಸರಿನತ್ತ, ತಾರೀಖಿನತ್ತ, ಸರ್ವೆ ನಂಬರಿನತ್ತ. ಸುತ್ತಲಿನ ಗೀರು, ಹೆಸರಿಗೆ ಎಳೆದ ದುಂಡು, ಪಕ್ಕದ ಬಿಡಿ ಅಂಕಿ, ಅಂಚಿನಲ್ಲಿ ಓರೆಯಾಗಿ ಬರೆದ ಎರಡು ಸಾಲು, ಚುಕ್ಕಿಯಿಟ್ಟು ಮೊಟಕಾಗಿಸಿದ ಅಕ್ಷರ, ಇವನ್ನೆಲ್ಲ ಬರೆದವರ ಅವಸರವೆಂದು ಬಿಟ್ಟುಬಿಡುವುದೇ ರೂಢಿ. ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಮನೆತನದ ಹಿಂದಿನ ತಲೆಮಾರು ಹುಡುಕುವವರು ಈ ರೂಢಿಯನ್ನು ತಿರುಗಿಸಿ ಹಾಕಬೇಕು ಎಂಬುದು ನನ್ನ ವಾದ. ಪುಟದ ನಡುವಿನ ಬರಹ ಬಹುಪಾಲು ಯಾರೋ ಬಾಯಲ್ಲಿ ಹೇಳಿದ್ದನ್ನು ನಮೂನೆಗೆ ಹೊಂದಿಸಿ ಬರೆದದ್ದು. ಅಂಚಿನ ಗುರುತು ಹುಟ್ಟುವುದು ಆ ಬರಹವನ್ನು ಯಾರಾದರೂ ಪ್ರಶ್ನಿಸಿದಾಗ, ಬದಲಿಸಲೇಬೇಕಾದಾಗ, ಬದಲಾವಣೆಗೆ ಒಬ್ಬ ಅಧಿಕಾರಿ ಸಹಿ ಹಾಕಿ ಹೊಣೆ ಹೊತ್ತಾಗ. ಮನೆಯೊಳಗೆ ನಡೆದ ಸಾವು, ದತ್ತಕ, ವಾಟ್ನಿ, ಜಗಳ, ರಾಜಿ ಎಲ್ಲವೂ ಕಾಗದಕ್ಕೆ ಬರುವುದು ಆ ದಾರಿಯಿಂದಲೇ.

ಈ ಪುಸ್ತಕಗಳನ್ನು ಯಾರು, ಯಾಕೆ ಬರೆದರು ಎಂಬುದು ಗೊತ್ತಿಲ್ಲದೆ ಗುರುತುಗಳ ಅರ್ಥವಾಗದು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ವಿಜಯಪುರದ ಸೀಮೆ ಸಾತಾರಾ ಸಂಸ್ಥಾನದಲ್ಲಿತ್ತು. 1848ರಲ್ಲಿ ಆ ಸಂಸ್ಥಾನವೇ ಕಂಪನಿಯ ಕೈಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆ ಆಯಿತು, 1885ರಲ್ಲಿ ಅದರ ಕೇಂದ್ರ ಬಿಜಾಪುರಕ್ಕೆ ಬಂತು, 1956ರವರೆಗೆ ಎಲ್ಲವೂ ಮುಂಬಯಿ ಆಡಳಿತದ ಪದ್ಧತಿಯಲ್ಲೇ ನಡೆಯಿತು. ಅದಕ್ಕೇ ಅಜ್ಜನ ಅಜ್ಜನ ಕಾಗದದಲ್ಲಿ ‘ಜಿಲ್ಲಾ ಕಲಾದಗಿ’ ಎಂದಿದ್ದರೆ ಮನೆತನ ಬೇರೆ ಕಡೆಯಿಂದ ಬಂತೆಂದು ತಿಳಿಯಬೇಕಿಲ್ಲ. ಹಳ್ಳಿಯ ಲೆಕ್ಕ ವಂಶಪಾರಂಪರ್ಯವಾಗಿ ಕುಲಕರ್ಣಿಯ ಕೈಯಲ್ಲಿತ್ತು. ಮೋಡಿ ಲಿಪಿ, ಮರಾಠಿಯ ಲೆಕ್ಕದ ಮಾತು, ಆದಿಲಶಾಹಿ ಕಾಲದಿಂದ ಉಳಿದ ಪಾರ್ಸಿ ಶಬ್ದಗಳು ಕನ್ನಡದೊಳಗೆ ಬೆರೆತದ್ದು ಹೀಗೆ. 1950ರ ಮುಂಬಯಿ ಕಾಯ್ದೆ ಕುಲಕರ್ಣಿ ವತನವನ್ನು ರದ್ದುಮಾಡಿದ ಮೇಲೆ ಸಂಬಳದ ತಲಾಠಿ ಬಂದ. ಪುಸ್ತಕ ಒಂದೇ ಆದರೂ ಕೈ ಬದಲಾದುದನ್ನು ಅಕ್ಷರವೇ ಹೇಳುತ್ತದೆ. ಉದ್ದೇಶಗಳಂತೂ ಮೊದಲಿನಿಂದಲೂ ಎರಡೇ: ಯಾವ ಹೊಲಕ್ಕೆ ಯಾರಿಂದ ಕಂದಾಯ ಬರಬೇಕು ಎಂಬುದು ಒಂದು, ಯಾವ ಊರಲ್ಲಿ ಯಾವ ರೋಗದಿಂದ ಎಷ್ಟು ಜನ ಸತ್ತರು ಎಂಬುದು ಇನ್ನೊಂದು. ಯಾರ ವಂಶ ಯಾವುದು ಎಂಬ ಕುತೂಹಲ ಸರಕಾರಕ್ಕೆ ಎಂದೂ ಇರಲಿಲ್ಲ. ನಾವು ಹುಡುಕುವುದು ಆ ಎರಡು ಲೆಕ್ಕಗಳ ನಡುವೆ ಅಕಸ್ಮಾತ್ತಾಗಿ ಸಿಕ್ಕಿಕೊಂಡಿದೆ.

ಜನನ ಮರಣದ ಪುಸ್ತಕವನ್ನೇ ಮೊದಲು ನೋಡೋಣ. ಹುಟ್ಟಿದ ಸುದ್ದಿ ಕುಲಕರ್ಣಿಗೆ ಮುಟ್ಟುವ ಹೊತ್ತಿಗೆ ಮಗು ತೊಟ್ಟಿಲಿಗೇ ಬಿದ್ದಿರುವುದಿಲ್ಲ. ಹಾಗಾಗಿ ಹೆಸರಿನ ಕಾಲಂ ಖಾಲಿ. ‘ಗಂಡು’ ಅಥವಾ ‘ಹೆಣ್ಣು’, ತಂದೆಯ ಹೆಸರು, ಜಾತಿ, ತಾರೀಖು ಇಷ್ಟೇ. ತಾತನ ಹೆಸರು ಹುಡುಕಿ ಸಿಗಲಿಲ್ಲವೆಂದು ಪುಸ್ತಕ ಮುಚ್ಚಿಡುವವರು ಇಲ್ಲೇ ಸೋಲುತ್ತಾರೆ. ಹುಡುಕಬೇಕಾದದ್ದು ಮುತ್ತಾತನ ಹೆಸರನ್ನು, ಅವನ ಹೆಸರಿನ ಮುಂದೆ ಬಂದ ಗಂಡು ಹೆಣ್ಣುಗಳ ಸಾಲನ್ನು. ಅಣ್ಣ, ಅಕ್ಕ, ತಂಗಿಯರ ಕ್ರಮ ಮನೆಯವರಿಗೆ ಗೊತ್ತಿದ್ದರೆ ಹೆಸರಿಲ್ಲದ ಗಂಡುಮಗು ಯಾರೆಂಬುದು ತಾನಾಗಿ ಹೊಂದಿಕೊಳ್ಳುತ್ತದೆ. ಎರಡನೆಯ ತೊಡಕು ಊರಿನದು. ನೋಂದಣಿ ಆಗುವುದು ಹುಟ್ಟಿದ ಸ್ಥಳದಲ್ಲಿ, ವಾಸದ ಸ್ಥಳದಲ್ಲಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಬಬಲೇಶ್ವರದ ಮನೆತನದ ಹಿರಿಯ ಮಗನ ಜನನ ಬಬಲೇಶ್ವರದ ಪುಸ್ತಕದಲ್ಲಿ ಇಲ್ಲದಿದ್ದರೆ ಅದು ತಾಯಿಯ ತವರೂರಿನ ಪುಸ್ತಕದಲ್ಲಿರುವ ಸಂಭವವೇ ಹೆಚ್ಚು. ಅಲ್ಲಿ ಸಿಕ್ಕರೆ ಇನ್ನೊಂದು ಲಾಭ: ತಾಯಿಯ ತವರು ಯಾವುದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಕಡೆ ಇದಕ್ಕಿಂತ ದೊಡ್ಡ ಸುಳಿವು ಬೇರಿಲ್ಲ.

ಮರಣದ ಕಾರಣದ ಕಾಲಂ ಇನ್ನೂ ಎಚ್ಚರಿಕೆ ಕೇಳುತ್ತದೆ. 1860ರ ದಶಕದಿಂದ ಮುಂಬಯಿ ಪ್ರಾಂತದ ಆರೋಗ್ಯ ಇಲಾಖೆ ಕೇಳುತ್ತಿದ್ದುದು ಕೆಲವೇ ವರ್ಗಗಳನ್ನು: ಕಾಲರಾ, ಸಿಡುಬು, ಜ್ವರ, ಹೊಟ್ಟೆಯ ಬೇನೆ, ಗಾಯ, ಇತರೆ, ಮುಂದೆ ಪ್ಲೇಗೂ ಸೇರಿತು. ಪಾಟೀಲ ಕುಲಕರ್ಣಿಯರು ವೈದ್ಯರಲ್ಲ, ಗುರುತು ಹಿಡಿಯಲಾಗದ ಸಾವೆಲ್ಲ ‘ಜ್ವರ’ದ ಪಾಲಾಯಿತು. ಮೂರು ತಲೆಮಾರು ಜ್ವರದಿಂದಲೇ ಸತ್ತರೆಂದು ನಮ್ಮ ಮನೆತನಕ್ಕೆ ಯಾವುದೋ ರೋಗ ಅಂಟಿತ್ತೆಂದು ಊಹಿಸುವುದು ಹುಚ್ಚು. ಅದೇ ಪುಟದಲ್ಲಿ ‘ಕಾಲರಾ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ನಂಬಬಹುದು, ಯಾಕೆಂದರೆ ಕಾಲರಾ ಬಂತೆಂದರೆ ಸುದ್ದಿ ಮೇಲಿನ ಕಚೇರಿಗೆ ಹೋಗಬೇಕಿತ್ತು, ತಪಾಸಣೆ ಬರುತ್ತಿತ್ತು. ದೇವಿ ಹಾಕುವ ಸಿಬ್ಬಂದಿ ಹಳ್ಳಿಗೆ ಬಂದಾಗ ಜನನದ ಪುಸ್ತಕ ತೆಗೆಸಿ ನೋಡುತ್ತಿದ್ದರು. ಹಾಗೆ ತಪಾಸಿಸಿದ ಗುರುತೋ ಸಹಿಯೋ ಇರುವ ಪುಟದ ತೂಕವೇ ಬೇರೆ. ಹೊರಗಿನವರೊಬ್ಬರು ಅದನ್ನು ಹಳ್ಳಿಯಲ್ಲೇ ಕುಳಿತು ಸರಿನೋಡಿದ್ದಾರೆ.

ಆದರೆ ಈ ಸೀಮೆಯಲ್ಲಿ ವಂಶದ ಕಥೆ ನಿಜವಾಗಿ ತುಂಬಿರುವುದು ಹೊಲದ ಪುಸ್ತಕಗಳಲ್ಲಿ. 1903ರ ಮುಂಬಯಿ ಕಾಯ್ದೆ ಹಕ್ಕುಗಳ ದಾಖಲೆಯನ್ನು ತಂದಿತು, 1913ರಲ್ಲಿ ಅದು ಭೂಕಂದಾಯ ಕಾಯ್ದೆಯೊಳಗೇ ಸೇರಿತು. ಅಂದಿನಿಂದ ಹೊಲದ ಹಕ್ಕು ಬದಲಾದಾಗಲೆಲ್ಲ ಮೂರು ತಿಂಗಳೊಳಗೆ ವರ್ದಿ ಕೊಡಬೇಕು, ಅದಕ್ಕೆ ಊರಿನ ಪುಸ್ತಕದಲ್ಲಿ ಒಂದು ಕ್ರಮಸಂಖ್ಯೆ ಬೀಳಬೇಕು, ಮೇಲಧಿಕಾರಿ ಅದನ್ನು ಮಂಜೂರು ಮಾಡಬೇಕು. ಜನ ಇದನ್ನು ಎಂ.ಇ. ನಂಬರು ಅನ್ನುತ್ತಾರೆ, ಡೈರಿ ಅನ್ನುವವರೂ ಇದ್ದಾರೆ. ಮಂಜೂರಾದಾಗ ಹಳೆಯ ಹೆಸರನ್ನು ಅಳಿಸುವಂತಿಲ್ಲ. ಕಂಸ ಹಾಕಿ ಅಥವಾ ದುಂಡು ಸುತ್ತಿ, ಹೊಸ ಹೆಸರು ಬರೆದು, ಪಕ್ಕದಲ್ಲಿ ಎಂ.ಇ. ನಂಬರು ಹಾಕುತ್ತಿದ್ದರು. ಉತಾರ ನೋಡುವವರು ದುಂಡು ಸುತ್ತಿದ ಹೆಸರನ್ನು ‘ರದ್ದಾದದ್ದು’ ಎಂದು ಬಿಡುತ್ತಾರೆ. ವಂಶ ಹುಡುಕುವವರಿಗೆ ಬೇಕಾದವನು ಆ ದುಂಡಿನೊಳಗೇ ಇದ್ದಾನೆ. ಪಕ್ಕದ ಅಂಕಿ ಹಿಡಿದು ಬದಲಾವಣೆಯ ಪುಸ್ತಕಕ್ಕೆ ಹೋದರೆ ಅಲ್ಲಿ ಪೂರ್ತಿ ವಾಕ್ಯಗಳಿವೆ: ಯಾರು ಸತ್ತರು, ಯಾರಿಗೆ ಎಷ್ಟು ಮಕ್ಕಳು, ಯಾರು ದತ್ತಕ, ಯಾರು ತಕರಾರು ತೆಗೆದರು, ಯಾರು ಹಕ್ಕು ಬಿಟ್ಟರು. ವಾರಸಾ ಪ್ರಕರಣಗಳಿಗೆ ಬೇರೆಯದೇ ಒಂದು ವಹಿ ಇತ್ತು. ಒಂದು ಉತಾರದಲ್ಲಿ ಹೆಸರಷ್ಟೇ ಕಂಡ ವ್ಯಕ್ತಿಗೆ ಇಲ್ಲಿ ಹೆಂಡತಿ, ಅಣ್ಣತಮ್ಮಂದಿರು, ಅಳಿಯ ಎಲ್ಲರೂ ಬಂದು ಸೇರುತ್ತಾರೆ.

ಮೊಟಕು ಅಕ್ಷರಗಳ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ ಎಂಬುದು ಬಹಳಷ್ಟು ಜನರಿಗೆ ಗೊತ್ತು. ‘ಮಯತ’ ಎಂದು ಹೆಸರಿನ ಹಿಂದೆ ಇದ್ದರೆ ಆ ಹೊತ್ತಿಗೆ ಅವನು ತೀರಿಹೋಗಿದ್ದ ಎಂದು. ಮರಾಠಿಯಿಂದ ಬಂದ ‘ಅ.ಪಾ.ಕ.’ ಅಪ್ರಾಪ್ತ ವಯಸ್ಸಿನವನ ಪರವಾಗಿ ನೋಡಿಕೊಳ್ಳುವ ಪಾಲಕನನ್ನು ಸೂಚಿಸುತ್ತದೆ. ಆ ಮೂರಕ್ಷರದಿಂದ ಎರಡು ಸಂಗತಿ ಸಿಗುತ್ತವೆ: ತಂದೆ ಸತ್ತಾಗ ಮಗ ಸಣ್ಣವನಿದ್ದ, ಪಾಲಕರಾಗಿ ನಿಂತವರು ತಾಯಿಯೋ ಚಿಕ್ಕಪ್ಪನೋ ಸೋದರಮಾವನೋ. ಹುಟ್ಟಿದ ವರ್ಷ ಗೊತ್ತಿಲ್ಲದವನ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಅಂದಾಜು ಸಿಗುವುದು ಅಪರೂಪ. ಒಟ್ಟು ಕುಟುಂಬದ ಮ್ಯಾನೇಜರ್ ಎಂಬರ್ಥದ ‘ಏ.ಕು.ಮ್ಯಾ.’ ಬಗೆಯ ಅಕ್ಷರಗಳು ಹಿರಿಯಣ್ಣನ ಹೆಸರಿನ ಪಕ್ಕ ಕಂಡರೆ, ಉತಾರದಲ್ಲಿ ಇಲ್ಲದ ತಮ್ಮಂದಿರು ಇದ್ದರು ಎಂದೇ ಅರ್ಥ. ಅವರು ಇದ್ದಕ್ಕಿದ್ದಂತೆ ಇಪ್ಪತ್ತು ವರ್ಷದ ಮೇಲೆ ವಾಟ್ನಿಯ ಎಂ.ಇ.ಯಲ್ಲಿ ಮೈದೋರುತ್ತಾರೆ. ‘ವಗೈರೆ’ ಎಂಬ ಶಬ್ದವನ್ನಂತೂ ಎಂದೂ ದಾಟಿಹೋಗಬಾರದು, ಒಂದು ಇಡೀ ದಾಯಾದಿ ಬಳಗ ಅದರ ಹಿಂದೆ ನಿಂತಿರಬಹುದು. ಸಹಿ ಬಾರದವರ ‘ನಿಶಾನಿ’ಯೂ ಹಾಗೆಯೇ. ಮರಾಠಿ ಆಡಳಿತವಿದ್ದ ಸೀಮೆಗಳ ಹಳೆಯ ಪತ್ರಗಳಲ್ಲಿ ಒಕ್ಕಲಿಗನ ಹೆಸರಿನ ಮುಂದೆ ನೇಗಿಲು, ಹೆಂಗಸಿನ ಹೆಸರಿನ ಮುಂದೆ ಬಳೆ ಬಿಡಿಸುವ ಪದ್ಧತಿ ಇತ್ತು. ಹೆಬ್ಬೆಟ್ಟಿನ ಕಾಲ ಬಂದ ಮೇಲೆ ಆ ಚಿತ್ರಗಳು ಹೋದವು, ಅದರೊಂದಿಗೆ ಕಸುಬಿನ ಒಂದು ಸುಳಿವೂ ಹೋಯಿತು.

ತಾರೀಖುಗಳ ವಿಷಯ ಬೇಗ ಮುಗಿಸಬಹುದು. ಶಕೆಗೆ 78 ಕೂಡಿಸಿದರೆ ಇಸವಿ ಬರುತ್ತದೆ, ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79. ದಖ್ಖನಿನ ಫಸಲಿ ಮೃಗಶಿರ ಮಳೆಯ ಹೊತ್ತಿಗೆ, ಜೂನ್ ಮೊದಲ ವಾರದಲ್ಲಿ ಶುರುವಾಗುತ್ತದೆ. ಅದಕ್ಕೆ 590 ಕೂಡಿಸಬೇಕು, ಜನವರಿಯಿಂದ ಮುಂದಿನ ತಿಂಗಳಾದರೆ 591. ಫಸಲಿ 1300 ಎಂದರೆ 1890-91. ‘ವ.’ ಎಂದಿದ್ದರೂ ‘ಬ.’ ಎಂದಿದ್ದರೂ ಕೃಷ್ಣಪಕ್ಷವೇ. ಇವನ್ನು ತಪ್ಪಿದರೆ ಮಗ ಅಪ್ಪನಿಗಿಂತ ಮೊದಲು ಹುಟ್ಟುವ ವಂಶಾವಳಿ ತಯಾರಾಗುತ್ತದೆ.

ಇಷ್ಟಾದ ಮೇಲೂ ಗಟ್ಟಿಯಾದ ಆಕ್ಷೇಪವೊಂದು ಉಳಿಯುತ್ತದೆ: ಇಂಥ ಪುಸ್ತಕಗಳೇ ತಪ್ಪಿನ ಕಂತೆ, ಅವುಗಳ ಅಂಚನ್ನು ಓದಿ ಏನು ಸಾಧಿಸಿದಂತಾಯಿತು? ತಪ್ಪುಗಳಿವೆ ಎಂಬುದು ನಿಜ. 1876ರಿಂದ 78ರ ಬರದಲ್ಲಿ ಊರಿಗೆ ಊರೇ ಗುಳೆ ಹೋಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಕಲಾದಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಕರಗಿತು. ಸತ್ತವರೆಲ್ಲ ಪುಸ್ತಕಕ್ಕೆ ಬಂದಿರಲಾರರು. 1918ರ ಇನ್‌ಫ್ಲುಯೆಂಜಾದಲ್ಲಿ ಬರೆಯುವವರೇ ಹಾಸಿಗೆ ಹಿಡಿದರು. ವಾರಸಾ ವರ್ದಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕಾಯ್ದೆ ಹೇಳಿದರೂ, ಸಾಲ ಎತ್ತಬೇಕಾದಾಗಲೋ ಹೊಲ ಮಾರಬೇಕಾದಾಗಲೋ ಮಾತ್ರ ಜನ ಚಾವಡಿಗೆ ಬಂದದ್ದುಂಟು. ಶಾಲೆಯ ದಾಖಲೆಗಳಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ನೋಡಿದರೆ ಮಾಸ್ತರರ ಕೈವಾಡ ತಿಳಿಯುತ್ತದೆ. ಇದನ್ನು ನ್ಯಾಯಾಲಯಗಳೂ ಬಲ್ಲವು: 1988ರ ಬಿರಾದ್ ಮಲ್ ಸಿಂಘ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾವ ಆಧಾರದ ಮೇಲೆ ವಯಸ್ಸು ಬರೆದರೆಂದು ತೋರಿಸದೆ ಶಾಲಾ ದಾಖಲೆಯ ಜನ್ಮದಿನಾಂಕಕ್ಕೆ ಹೆಚ್ಚಿನ ಬೆಲೆಯಿಲ್ಲ ಎಂದಿತು. ಆದರೆ ಈ ಎಲ್ಲ ಉದಾಹರಣೆಗಳೂ ನಡುವಿನ ಬರಹದ ದೋಷಗಳು ಎಂಬುದನ್ನು ಗಮನಿಸಬೇಕು. ಗುರುತು ಅದನ್ನು ತೂಗಲು ಸಹಾಯ ಮಾಡುತ್ತದೆ. ಹುಟ್ಟಿದ ತಾರೀಖಿಗೂ ನೋಂದಣಿಯ ತಾರೀಖಿಗೂ ಮೂವತ್ತು ವರ್ಷ ಅಂತರವಿದ್ದು, ಪಕ್ಕದಲ್ಲಿ ನ್ಯಾಯಾಲಯದ ಆದೇಶದ ಸಂಖ್ಯೆ ಇದ್ದರೆ, ಹುಟ್ಟಿದ ದಿನವನ್ನು ಅನುಮಾನದಿಂದಲೇ ನೋಡಿ. ಆದೇಶದ ದಿನಾಂಕವನ್ನು ಮಾತ್ರ ಬರೆದಿಟ್ಟುಕೊಳ್ಳಿ, ಯಾಕೆಂದರೆ ಆ ವರ್ಷ ಆ ವ್ಯಕ್ತಿಗೆ ನೌಕರಿಯೋ ಪಾಸ್‌ಪೋರ್ಟೋ ಬೇಕಾಗಿತ್ತು. ವಾರಸಾದ ಎಂ.ಇ. ತಾರೀಖು ಸಾವಿನ ತಾರೀಖಲ್ಲ, ಅದಕ್ಕಿಂತ ಮೊದಲು ಸಾವು ಆಗಿತ್ತು ಎಂಬ ಗಡಿ ಮಾತ್ರ. ಗಡಿ ಗೊತ್ತಿರುವುದೂ ಒಂದು ತಿಳಿವಳಿಕೆಯೇ.

ಹೆಣ್ಣುಮಕ್ಕಳ ವಿಷಯದಲ್ಲಿ ಆಕ್ಷೇಪ ಇನ್ನೂ ತೀಕ್ಷ್ಣವಾಗಬಹುದು. 1956ರ ಹಿಂದೂ ವಾರಸಾ ಕಾಯ್ದೆಗೆ ಮೊದಲು ಗಂಡುಮಕ್ಕಳಿದ್ದ ಮನೆಯ ವಾರಸಾದಲ್ಲಿ ಹೆಣ್ಣುಮಕ್ಕಳ ಹೆಸರು ಬರುವ ಪ್ರಶ್ನೆಯೇ ಇರಲಿಲ್ಲ. ಪುಸ್ತಕದಲ್ಲಿ ಮಗಳಿಲ್ಲದಿದ್ದರೆ ಮನೆಯಲ್ಲೂ ಮಗಳಿರಲಿಲ್ಲ ಎನ್ನುವಂತಿಲ್ಲ. ವಿಧವೆಯ ಹೆಸರು ಬಂದದ್ದು ಕೆಲವೊಮ್ಮೆ ಪಾಲಕಳಾಗಿ, 1937ರ ಕಾಯ್ದೆಯ ನಂತರ ಹಕ್ಕುದಾರಳಾಗಿ. 1956ರ ಮೇಲಿನ ಎಂ.ಇ.ಗಳಲ್ಲಿ ಮಾತ್ರ ಮಗಳ ಹೆಸರು ಕಾಣಿಸುತ್ತದೆ, ಬಹಳ ಸಲ ‘ಹಕ್ಕು ಬಿಟ್ಟಿದ್ದಾಳೆ’ ಎಂಬ ಒಂದು ಸಾಲಿನ ಜೊತೆಗೇ. ಅಣ್ಣತಮ್ಮಂದಿರಿಗೆ ಅದು ಹೊಲ ಉಳಿದ ಸಾಲು. ವಂಶ ಹುಡುಕುವವರಿಗೆ ಆಕೆ ಯಾವ ಊರಿಗೆ ಹೋದಳು, ಯಾರ ಹೆಂಡತಿಯಾದಳು ಎಂಬುದನ್ನು ಕೊಟ್ಟ ಒಂದೇ ಸಾಲು. ತಂದೆಯ ಕಾಲಂ ಖಾಲಿ ಬಿಟ್ಟು ತಾಯಿಯ ಹೆಸರಷ್ಟೇ ಇರುವ ನಮೂದುಗಳೂ ಈ ಜಿಲ್ಲೆಗೆ ಹೊಸವಲ್ಲ, ದೇವದಾಸಿ ಪದ್ಧತಿ ಬೇರೂರಿದ್ದ ಸೀಮೆ ಇದು. ಅಂಥ ಖಾಲಿಯನ್ನು ಗುಮಾಸ್ತನ ಮರೆವೆಂದು ತಿಳಿದು ಯಾರದೋ ಹೆಸರು ತುಂಬಿಸುವುದು ಇತಿಹಾಸಕ್ಕೂ ಆ ತಾಯಿಗೂ ಮಾಡುವ ಅನ್ಯಾಯ.

ಇಲ್ಲಿ ಸ್ಕಾಟ್ಲೆಂಡಿನ ಪದ್ಧತಿಯನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಅಲ್ಲಿ 1855ರ ಜನವರಿ 1ರಿಂದ ಜನನ, ಮರಣ, ಮದುವೆಗಳ ಕಡ್ಡಾಯ ನೋಂದಣಿ ಶುರುವಾಯಿತು. ಒಮ್ಮೆ ಬರೆದದ್ದನ್ನು ತಿದ್ದುವಂತಿಲ್ಲ. ತಿದ್ದುಪಡಿ ಬೇರೊಂದು ಪುಸ್ತಕಕ್ಕೆ ಹೋಗುತ್ತದೆ, ಮೂಲದ ಅಂಚಿನಲ್ಲಿ ಆ ಪುಸ್ತಕದ ಸಂಪುಟ, ಪುಟ, ತಾರೀಖು ಮಾತ್ರ. ಮದುವೆಯಿಲ್ಲದೆ ಹುಟ್ಟಿದ ಮಗುವಿನ ತಂದೆ ಯಾರೆಂದು ಕೋರ್ಟು ತೀರ್ಮಾನಿಸಿದ್ದು, ಹಠಾತ್ ಸಾವಿನ ತನಿಖೆಯಲ್ಲಿ ಹೊರಬಿದ್ದ ಕಾರಣ, ಇವೆಲ್ಲ ಆ ತಿದ್ದುಪಡಿ ಪುಸ್ತಕದಲ್ಲಿವೆ. ‘ಅಕ್ರಮ ಸಂತಾನ’ ಎಂಬರ್ಥದ ಶಬ್ದವನ್ನು 1919ರವರೆಗೂ ಜನನದ ನಮೂದಿನಲ್ಲಿ ಬರೆಯುತ್ತಿದ್ದರು. ವಂಶಶೋಧಕರು ಅಲ್ಲಿ ಅಂಚಿನಲ್ಲಿ ಆ ಟಿಪ್ಪಣಿ ಕಂಡರೆ ಕೂಡಲೇ ತಿದ್ದುಪಡಿ ಪುಸ್ತಕಕ್ಕೆ ಓಡುತ್ತಾರೆ. ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೆಯ ಕಲಮೂ ಇದನ್ನೇ ಹೇಳುತ್ತದೆ: ಮೂಲ ಬರಹಕ್ಕೆ ಕೈಹಚ್ಚದೆ ಅಂಚಿನಲ್ಲಿ ತಿದ್ದಬೇಕು, ಸಹಿ ಮಾಡಿ ತಾರೀಖು ಹಾಕಬೇಕು. ಕರ್ನಾಟಕದಲ್ಲಿ ಈ ಕಾಯ್ದೆ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಯಮ ಎರಡೂ ಕಡೆ ಒಂದೇ ಬಗೆಯದು. ಅಲ್ಲಿಯವರು ಅಂಚನ್ನು ಓದಲು ಕಲಿತರು, ನಾವು ಅಂಚನ್ನು ಬಿಟ್ಟು ಪ್ರಮಾಣಪತ್ರ ಮಾಡಿಸಿಕೊಳ್ಳಲು ಕಲಿತೆವು.

ನಮಗೆ ಹೆಳವರಿದ್ದಾರಲ್ಲ, ಸರಕಾರಿ ಪುಸ್ತಕದ ಹಂಗೇಕೆ ಎನ್ನುವವರೂ ಇದ್ದಾರೆ. ಎತ್ತಿನೊಡನೆ ಮನೆ ಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೇಳಿ, ಹೊಸ ಹೆಸರು ಬರೆದುಕೊಂಡು ಕಾಳು ಪಡೆದು ಹೋಗುವ ಹೆಳವರ ಜ್ಞಾನ ದೊಡ್ಡದು. ಮನೆತನ ಯಾವ ಊರಿನಿಂದ ಎದ್ದು ಬಂತು, ಮನೆದೇವರು ಯಾರು ಎಂಬುದು ಯಾವ ಉತಾರದಲ್ಲೂ ಸಿಗದು. ಆದರೆ ಹೆಳವರು ಹೇಳುವುದು ಗಂಡಿನ ಸಾಲು. ತಾರೀಖು ಅವರ ಕಾಳಜಿಯಲ್ಲ. ಮನೆಯ ಯಜಮಾನನಿಗೆ ಹಿತವಲ್ಲದ ಸಂಗತಿ ಅವನ ಅಂಗಳದಲ್ಲಿ ನಿಂತು ಹೇಳಲಾಗದು. ಎರಡನ್ನೂ ಎದುರುಬದುರು ಇಟ್ಟಾಗಲೇ ಪ್ರಯೋಜನ. ಹೆಳವರು ನಾಲ್ಕು ಜನ ಅಣ್ಣತಮ್ಮಂದಿರೆಂದು ಹೇಳಿ, ಉತಾರದಲ್ಲಿ ಒಬ್ಬನೇ ಇದ್ದು, ಅವನ ಪಕ್ಕ ಒಟ್ಟು ಕುಟುಂಬದ ಮ್ಯಾನೇಜರನ ಅಕ್ಷರಗಳಿದ್ದರೆ ಇಬ್ಬರ ಮಾತೂ ನಿಜ. ಅಕ್ಷರಗಳನ್ನು ಓದದವನು ಒಂದನ್ನು ಸುಳ್ಳೆಂದು ತೀರ್ಮಾನಿಸುತ್ತಾನೆ.

ಹಳೆಯ ಗುರುತು ಕೆದಕಿದರೆ ಹಳೆಯ ಗಾಯ ಕೆದಕಿದಂತೆ ಎಂಬ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರ ನನ್ನಲ್ಲಿಲ್ಲ. ಜಾತಿಯ ಕಾಲಂನಲ್ಲಿ ಇಂದು ಯಾರೂ ಬಾಯಿಬಿಟ್ಟು ಹೇಳದ ಶಬ್ದಗಳಿವೆ. ದತ್ತಕದ ಟಿಪ್ಪಣಿ ಒಂದು ವಾಟ್ನಿ ದಾವೆಗೆ ಕಿಡಿಯಾಗಬಹುದು. ಮರಣದ ಕಾರಣವನ್ನು ನಕಲಿನಲ್ಲಿ ಬಹಿರಂಗಪಡಿಸಬಾರದೆಂದು 1969ರ ಕಾಯ್ದೆ ಹೇಳುತ್ತದೆ, ಆದರೆ ಇಷ್ಟು ವರ್ಷ ಕಳೆದ ಮೇಲೆ ತೆರೆಯಬಹುದು ಎಂಬ ಲೆಕ್ಕ ಅದರಲ್ಲಿ ಇಲ್ಲ. ಸ್ಕಾಟ್ಲೆಂಡಿನ ಆನ್‌ಲೈನ್ ಸಂಗ್ರಹದಲ್ಲಿ ಜನನದ ಪುಟಗಳ ಚಿತ್ರ 100 ವರ್ಷ, ಮದುವೆಯವು 75, ಮರಣದವು 50 ವರ್ಷ ತೆರೆಯುವುದಿಲ್ಲ. ಅಂಥ ಗಡುವು ನಮ್ಮಲ್ಲೂ ಬರುವುದು ಒಳ್ಳೆಯದೇ. ಗಡುವು ಕೇಳುವುದು ಬೇರೆ, ಮುಜುಗರವಾಗುತ್ತದೆಂದು ಗುರುತನ್ನೇ ಕೈಬಿಟ್ಟು ಹೊಸ ನಕಲು ತಯಾರಿಸುವುದು ಬೇರೆ. ಎರಡನೆಯದನ್ನು ಒಪ್ಪಲಾಗದು.

ಕಂಪ್ಯೂಟರಿನಿಂದ ಆಗಿರುವುದೂ ಹೆಚ್ಚುಕಡಿಮೆ ಅದೇ. 2000ದ ಹೊತ್ತಿಗೆ ಬಂದ ‘ಭೂಮಿ’ ತಂತ್ರಾಂಶ ಕೈಬರಹದ ಉತಾರದ ಕಾಲವನ್ನು ಮುಗಿಸಿತು, ರೈತರ ಅಲೆದಾಟ ತಗ್ಗಿಸಿತು. ಆದರೆ ಅಂದಿನ ಚಾಲ್ತಿ ಹೆಸರುಗಳು ಒಳಗೆ ಹೋದವು, ದುಂಡು ಸುತ್ತಿದವರು ಹೊರಗೇ ಉಳಿದರು. 2024ರಲ್ಲಿ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲೂಕು ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸತೊಡಗಿದ್ದು ಇದಕ್ಕೆ ಸ್ವಲ್ಪ ಪರಿಹಾರ, ಪುಟದ ಚಿತ್ರದಲ್ಲಿ ಅಂಚೂ ಬರುತ್ತದೆ. ಓದುವವರು ಬೇಕಷ್ಟೆ. 2023ರಲ್ಲಿ ಮಹಾರಾಷ್ಟ್ರ ಸರಕಾರ ಹಳೆಯ ದಾಖಲೆಗಳಲ್ಲಿ ಕುಣಬಿ ಜಾತಿಯ ನಮೂದುಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಿಸಿದಾಗ ಮೋಡಿ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನಮ್ಮ ಕಡೆ ಅಂಥ ಒತ್ತಡ ಬರುವ ಮೊದಲೇ ನಾಲ್ಕು ಜನ ಕಲಿತರೆ ಕೆಡುಕೇನಿಲ್ಲ.

ಹುಡುಕಲು ಹೊರಟವರಿಗೆ ಇನ್ನೆರಡು ಮಾತು. ತಿಕೋಟಾ, ಬಬಲೇಶ್ವರ ಬೇರೆ ತಾಲೂಕುಗಳಾದದ್ದು 2018ರಲ್ಲಿ. ಅದಕ್ಕೂ ಹಿಂದಿನದೆಲ್ಲ ಬಿಜಾಪುರ ತಾಲೂಕಿನ ಲೆಕ್ಕ, ಹಾಗಾಗಿ ಹೊಸ ಕಚೇರಿಯಲ್ಲಿ ‘ಇಲ್ಲ’ ಎಂಬ ಉತ್ತರ ಬಂದರೆ ವಿಜಯಪುರದ ಅಭಿಲೇಖಾಲಯದಲ್ಲಿ ಕೇಳದೆ ಬಿಡಬಾರದು. ತಿಕೋಟಾದ ಆಚೆಯ ಜತ್ತ 1948ರವರೆಗೆ ಬೇರೆ ಸಂಸ್ಥಾನ, ಈಗ ಸಾಂಗ್ಲಿ ಜಿಲ್ಲೆ. ಕನ್ನಡದ ಮನೆಗಳು ಎರಡೂ ಕಡೆ ಹೆಣ್ಣು ಕೊಟ್ಟು ತಂದವು, ಪುಸ್ತಕಗಳು ಮಾತ್ರ ಗಡಿ ದಾಟಲಿಲ್ಲ. ಜತ್ತದ ತವರಿನಲ್ಲಿ ಆದ ಹೆರಿಗೆಯನ್ನು ಅಲ್ಲಿಯೇ ಹುಡುಕಬೇಕು. ನಕಲಿಗೆ ಅರ್ಜಿ ಬರೆಯುವಾಗ ಟೈಪು ಮಾಡಿದ ಸಾರಾಂಶ ಬೇಡ, ಅಂಚಿನ ಟಿಪ್ಪಣಿ ಸಹಿತ ಮೂಲ ಪುಟದ ದೃಢೀಕೃತ ಜೆರಾಕ್ಸ್ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಹಿಂದಿನ ಮತ್ತು ಮುಂದಿನ ಪುಟವನ್ನೂ ಕೇಳಿ, ತಿದ್ದುಪಡಿಯ ಸಾಲು ಕೆಲವೊಮ್ಮೆ ಅಲ್ಲಿಗೆ ಹರಿದಿರುತ್ತದೆ.